ಮಳೆಯಲ್ಲಿ ಮೋಟಾರ್ ಸೈಕಲ್ ಸವಾರಿ



ಮಳೆ ನಮ್ಮ ಸಾಹಿತ್ಯಕ್ಕೆ ಬಹುಕಾಲದ ನೆಂಟ. ಕಾರ್ಮುಗಿಲು, ಮಿಂಚು, ಕುಣಿಯುವ ನವಿಲು, ಕೊರಗುವ ವಿರಹಿ, ಇವುಗಳನ್ನು ಕುರಿತು ನಮ್ಮ ಪೂರ್ವಕವಿಗಳು ಹೇಳದೆ ಬಿಟ್ಟಿರುವುದು ಬಹು ಸ್ವಲ್ಪ. ಆದರೆ ಅವರಲ್ಲಿ ಯಾರೊಬ್ಬರೂ ಸುರಿಯುವ ಮಳೆಯಲ್ಲಿ ಮೋಟಾರ್ ಸೈಕಲ್ಲನ್ನೇರಿ ಹೋದವರಲ್ಲ. ಹೋಗಿದ್ದ ಪಕ್ಷದಲ್ಲಿ ವರ್ಷಾಕಾಲದ ವರ್ಣನೆಗೆ ಇನ್ನೊಂದೆರಡು ಪದ್ಯಗಳು ಸೇರುತ್ತಿದ್ದವು. ಆ ಪದ್ಯಗಳ ರಸ ಶೃಂಗಾರವಾಗಿರುತ್ತಿರಲಿಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಹುದು. ಈ ವಿಷಯದಲ್ಲಿ ಕಾವ್ಯದ ನೆರವು ದೊರೆಯದ ಕಾರಣ ಭೌತಶಾಸ್ತ್ರದ ನೆರವನ್ನು ಪಡೆಯಬೇಕಾಗಿದೆ. ಘರ್ಷಣೆ, ವೇಗ, ಜಡತ್ವ ಎಂಬಿವುಗಳನ್ನು ಕಾಲೇಜಿನ ಕರಿಹಲಗೆಯ ಮೇಲೆ ಬರೆದು ತೋರಿಸುವ ನಮ್ಮಂಥವರಿಗೆ, ಅವು ಕರಿಹಲಗೆಯನ್ನು ಬಿಟ್ಟು ಕರಿಯ ರಸ್ತೆಗೆ ಇಳಿದಾಗ ಏನು ಮಾಡುವುವೆಂಬುದನ್ನು ತಿಳಿಸುವ ಹೊಣೆಯೂ ಉಂಟು.

ಈ ವಾಹನ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ಮೋಟಾರ್ ಸೈಕಲ್ಲುಗಳು ಹೊರಬಿದ್ದು ದೇಶದ ಮೂಲೆಮೂಲೆಗೆ ಹೋದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ದಿನಗಳಲ್ಲಿ ಮೋಟಾರ್ ಸೈಕಲ್ಲು ಊರಿಗೆ ಒಂದೋ ಎರಡೋ ಇರುತ್ತಿತ್ತು. ಈಗ ಮನೆಗೆ ಒಂದೋ ಎರಡೋ ಇರುತ್ತದೆ. ರೈತನ ಹಾಲಿನ ಕ್ಯಾನು, ವ್ಯಾಪಾರಿಯ ಮೂಟೆ, ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲವೂ ಎಲ್ಲರೂ ಈ ಎರಡು ಚಕ್ರಗಳ ಮೇಲೆಯೇ ಸಾಗಬೇಕು. ಹೀಗೆ ಬಡವರಿಗೂ ಮಧ್ಯಮ ವರ್ಗದವರಿಗೂ ಇಷ್ಟು ಉಪಕಾರ ಮಾಡಿದ ಯಂತ್ರ ಇನ್ನೊಂದಿಲ್ಲ. ಇಷ್ಟು ಮಂದಿಯನ್ನು ಅಕಾಲದಲ್ಲಿ ಕೊಂಡೊಯ್ದ ಯಂತ್ರವೂ ಇನ್ನೊಂದಿಲ್ಲ. ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯ ವರದಿಯಂತೆ 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲೆ ಹೋಗುತ್ತಿದ್ದವರು. ಇವರೆಲ್ಲರೂ ಮಳೆಯಲ್ಲಿ ಬಿದ್ದವರೆಂದು ನಮ್ಮ ಅಭಿಪ್ರಾಯವಲ್ಲ. ಬಹುಮಂದಿ ಒಳ್ಳೆಯ ಬಿಸಿಲಿನಲ್ಲಿಯೇ ಬಿದ್ದವರು. ಒಣ ರಸ್ತೆಯ ಮೇಲೆಯೇ ಇಷ್ಟು ಅಪಾಯವಿರುವಾಗ ನೆನೆದ ರಸ್ತೆಯ ಮೇಲೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಯಾರಾದರೂ ಊಹಿಸಬಹುದು.

ಮಳೆಯಲ್ಲಿ ಸವಾರಿ ಎಂದೊಡನೆ ಶ್ರೋತೃಗಳಿಗೆ ಆಗುಂಬೆಯೋ ಮಡಿಕೇರಿಯೋ ನೆನಪಿಗೆ ಬರುವುದು ಸಹಜ. ನಾವಾದರೋ ಉದಾಹರಣೆಗೆ ಆರಿಸಿಕೊಂಡಿರುವುದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಆದಿವಾಲವನ್ನು. ಇದೇನು, ಮಳೆಯನ್ನು ಕುರಿತು ಮಾತನಾಡಲು ಬರಗಾಲದ ಸೀಮೆಗೆ ಹೋದರಲ್ಲ ಎಂದು ಕೆಲವರು ನಗಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಹಿರಿಯೂರಿನ ಕಡೆ ಆರುನೂರರ ಆಸುಪಾಸಿನಲ್ಲಿ ಬಿದ್ದರೆ ಅದೇ ಪುಣ್ಯ. ಅಲ್ಲಿಗೆ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು ಸಂದುಹೋದವು. ಅಜ್ಜ ಕಂಡದ್ದನ್ನು ಮಗ ಕಾಣದೆ ಮೊಮ್ಮಗ ಕಂಡನೆಂದರೆ ಆ ಸೀಮೆಯಲ್ಲಿ ಮಳೆಯ ನಡತೆ ಎಂಥದೆಂಬುದು ತಿಳಿಯುವುದು.

ಆದರೆ ಮಳೆ ಅಪರೂಪವಾದ ಈ ಕಾರಣದಿಂದಲೇ ಅಲ್ಲಿ ಮಳೆಯ ಸವಾರಿ ಹೆಚ್ಚು ಅಪಾಯಕರ. ಇದೇ ಈ ಹೊತ್ತಿನ ನಮ್ಮ ಮಾತಿನ ತಿರುಳು. ಮಲೆನಾಡಿನವನಿಗೆ ಜೂನ್ ತಿಂಗಳಿನಿಂದ ಮೂರು ನಾಲ್ಕು ತಿಂಗಳು ಮಳೆಯೇ ದಿನಚರಿ. ಅವನ ಕೈಗೆ ನೆನೆದ ರಸ್ತೆಯ ಅಭ್ಯಾಸವಿರುತ್ತದೆ. ಅವನ ರಸ್ತೆಯೂ ದಿನದಿನ ತೊಳೆದುಕೊಂಡು ಹೋಗುತ್ತಿರುತ್ತದೆ. ಬಯಲುಸೀಮೆಯ ಸವಾರನು ಹತ್ತು ತಿಂಗಳು ಒಣ ನೆಲದ ಮೇಲೆ ಓಡಾಡಿ, ಆ ನೆಲದ ಹಿಡಿತವನ್ನೇ ನಂಬಿ, ಒಂದು ಸಂಜೆ ಇದ್ದಕ್ಕಿದ್ದಂತೆ ಬೇರೊಂದು ನೆಲದ ಮೇಲೆ ತನ್ನನ್ನು ಕಾಣುತ್ತಾನೆ. ರಸ್ತೆ ಅದೇ, ತಿರುವು ಅದೇ, ಗಾಡಿಯೂ ಅದೇ; ಹಿಡಿತ ಮಾತ್ರ ಅದಲ್ಲ. ಹಾಗಾದರೆ ಅದು ಎಷ್ಟರಮಟ್ಟಿಗೆ ಬದಲಾಗುವುದೆಂಬುದನ್ನು ನೋಡೋಣ.

ಹಿರಿಯೂರಿನ ಸಮೀಪದಲ್ಲಿ ಆದಿವಾಲವನ್ನು ಮುಟ್ಟಿಕೊಂಡು ಹೋಗುವುದು ಮೊದಲು 4ನೆಯ ನಂಬರಿನದಾಗಿದ್ದು ಈಗ 48ನೆಯ ನಂಬರನ್ನು ಪಡೆದಿರುವ ರಾಷ್ಟ್ರೀಯ ಹೆದ್ದಾರಿ. ದೆಹಲಿಯಿಂದ ಮುಂಬಯಿ, ಪುಣೆ, ಬೆಂಗಳೂರುಗಳ ಮಾರ್ಗವಾಗಿ ಚೆನ್ನೈಗೆ ಹೋಗುವ ಈ ದಾರಿಯಲ್ಲಿ ಹಗಲಿರುಳೂ ಲಾರಿಗಳ ಸಾಲು ಹರಿಯುತ್ತದೆ. ಲಾರಿಗಳಿಂದ ತೊಟ್ಟಿಕ್ಕುವ ಎಣ್ಣೆ, ಟೈರುಗಳು ಸವೆದು ಉಳಿಸಿದ ರಬ್ಬರಿನ ಪುಡಿ, ಗಾಳಿ ತಂದು ಹರಡುವ ದೂಳು, ಇವು ಮೂರೂ ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂಡಿಕೊಳ್ಳುತ್ತವೆ. ಮಳೆಯ ಮೊದಲ ಹನಿಗಳು ಇವನ್ನು ತೊಳೆಯಲಾರವು, ಕಲಸಬಲ್ಲವು. ಅಡುಗೆಮನೆಯ ನೆಲದ ಮೇಲೆ ಎಣ್ಣೆ ಚೆಲ್ಲಿದಾಗ ಅದರ ಮೇಲೆ ಒಂದು ಚೊಂಬು ನೀರು ಹಾಕಿದರೆ ಏನಾಗುವುದೆಂದು ಎಲ್ಲ ಗೃಹಿಣಿಯರೂ ಬಲ್ಲರು. ಧಾರಾಕಾರವಾಗಿ ಸುರಿದ ಮಳೆ ಅರ್ಧ ಗಂಟೆ ಕಳೆಯುವುದರೊಳಗೆ ಈ ಕೊಳೆಯನ್ನು ಬಹುಮಟ್ಟಿಗೆ ಕೊಚ್ಚಿ ಹಾಕುತ್ತದೆ. ತುಂತುರು ಮಳೆಯಾದರೋ ಅದನ್ನು ಹಾಗೆಯೇ ಜಾರುವ ಲೇಪವಾಗಿ ಉಳಿಸುತ್ತದೆ. ಆದುದರಿಂದ ‘ಇದೇನು, ಬರಿಯ ಹನಿ, ಇದಕ್ಕೆ ನಿಲ್ಲುವುದೇ?’ ಎಂದು ಸವಾರನು ಯಾವ ಮಳೆಯನ್ನು ಕುರಿತು ತಾತ್ಸಾರ ಮಾಡುವನೋ, ಆ ಮಳೆಯೇ ಅವನನ್ನು ಕೆಡಹುವುದು.

ಈಗ ಸ್ವಲ್ಪ ಲೆಕ್ಕವನ್ನು ಮಾಡಬೇಕಾಗಿದೆ. ಗಣಿತದ ಹೆಸರು ಕೇಳಿ ರೇಡಿಯೋವನ್ನು ಆರಿಸಬೇಡಿರೆಂದು ಪ್ರಾರ್ಥನೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ದೂರವನ್ನು ಕ್ರಮಿಸುತ್ತದೆ. ಮುಂದೆ ಎಮ್ಮೆಯೊಂದು ಅಡ್ಡಬಂದುದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈಕಾಲುಗಳು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಅಂದರೆ ಬ್ರೇಕು ತನ್ನ ಕೆಲಸವನ್ನು ಆರಂಭಿಸುವುದಕ್ಕೆ ಮೊದಲೇ 17 ಮೀಟರು ಹೋಯಿತು. ಆಮೇಲೆ ಒಳ್ಳೆಯ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನು 20 ಮೀಟರು ಬೇಕು. ಇದು ಕ್ರಿಕೆಟ್ ಆಟದ ಎರಡು ವಿಕೆಟ್ಟುಗಳ ನಡುವಣ ದೂರ. ಅದೇ ರಸ್ತೆ ನೆನೆದಿದ್ದರೆ ಟೈರಿಗೂ ನೆಲಕ್ಕೂ ಇರುವ ಘರ್ಷಣೆ ಸುಮಾರು ಅರ್ಧದಷ್ಟಕ್ಕೆ ಇಳಿಯುವುದರಿಂದ 20 ಮೀಟರಿನ ಸ್ಥಳದಲ್ಲಿ 35 ಮೀಟರು ಬೇಕಾಗುವುದು. ಒಟ್ಟಿನಲ್ಲಿ ಒಣ ರಸ್ತೆಗೆ 37 ಮೀಟರು, ನೆನೆದ ರಸ್ತೆಗೆ 52 ಮೀಟರು. ಈ ಎರಡರ ನಡುವೆ ಇರುವ 15 ಮೀಟರಿನಲ್ಲಿಯೇ ಸವಾರನ ಹಣೆಬರಹ ನಿರ್ಧಾರವಾಗುವುದು.

ವೇಗ ಹೆಚ್ಚಿದಂತೆ ಬ್ರೇಕಿನ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೆಂಬುದು ಇಲ್ಲಿ ನೆನಪಿಡತಕ್ಕ ಸೂತ್ರ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ನೆನೆದ ರಸ್ತೆಯಲ್ಲಿ ನಿಲ್ಲಲು ಒಟ್ಟು ಸುಮಾರು 85 ಮೀಟರು ಬೇಕು. ಅದೇ ಸೂತ್ರ ವೇಗವನ್ನು ಇಳಿಸಿದವನಿಗೆ ಅಷ್ಟೇ ಉದಾರವಾಗಿ ಸಹಾಯ ಮಾಡುತ್ತದೆ. ಗಂಟೆಗೆ 40 ಕಿಲೋಮೀಟರಿಗೆ ಇಳಿಸಿದವನು ನೆನೆದ ರಸ್ತೆಯಲ್ಲಿ ಸುಮಾರು 27 ಮೀಟರುಗಳೊಳಗೆ ನಿಲ್ಲಬಲ್ಲನು. ಒಣ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಿದ್ದಾಗ ಅವನಿಗೆ ಬೇಕಾಗಿದ್ದುದಕ್ಕಿಂತ ಇದು ಹತ್ತು ಮೀಟರು ಕಡಮೆ. ಮೊದಲ ಮಳೆಯ ಎಣ್ಣೆಯ ಲೇಪಕ್ಕೂ ಮಣ್ಣಿಗೂ ಅವನಲ್ಲಿ ಸ್ವಲ್ಪ ಮೂಲಧನ ಉಳಿಯಿತೆಂದಾಯಿತು. ಮಳೆಯ ಸವಾರಿಯ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ: ನೆಲ ಕಸಿದುಕೊಂಡ ಹಿಡಿತವನ್ನು ವೇಗದಿಂದ ಕಳೆದು ಸರಿಮಾಡಿಕೊಳ್ಳಬೇಕು. ಮಿಕ್ಕ ನಿಯಮಗಳೆಲ್ಲ ಇದರ ವ್ಯಾಖ್ಯಾನ.

ಮೊದಲನೆಯದಾಗಿ ಬ್ರೇಕು. ಹಿಂದಿನ ಬ್ರೇಕನ್ನು ಮಾತ್ರ ತುಳಿಯತಕ್ಕದ್ದು, ಮುಂದಿನದನ್ನು ಮುಟ್ಟಿದರೆ ಪಲ್ಟಿ ಹೊಡೆಯುವುದು ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ವಾಸ್ತವದಲ್ಲಿ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಭಾಗ ಮುಂದಿನ ಚಕ್ರದಲ್ಲಿಯೇ ಇರುವುದು. ಏಕೆಂದರೆ ನಿಲ್ಲುವಾಗ ಭಾರ ಮುಂದಕ್ಕೆ ವಾಲುತ್ತದೆ. ಮಳೆಯಲ್ಲಿ ಎರಡು ಬ್ರೇಕುಗಳನ್ನೂ ಒಟ್ಟಿಗೆ, ಹಣ್ಣನ್ನು ಹಿಂಡುವಂತೆ ಮೆಲ್ಲಮೆಲ್ಲನೆ ಬಿಗಿಮಾಡುತ್ತ ಹೋಗಬೇಕು. ತಟಕ್ಕನೆ ಒತ್ತಿದರೆ ಚಕ್ರ ಸುತ್ತುವುದನ್ನು ನಿಲ್ಲಿಸುತ್ತದೆ, ಗಾಡಿ ಸಾಗುವುದನ್ನು ನಿಲ್ಲಿಸುವುದಿಲ್ಲ. ಆ ಕ್ಷಣದಲ್ಲಿ ಅದು ವಾಹನವಲ್ಲ, ಜಾರುಬಂಡೆ. ಹೀಗೆ ಚಕ್ರ ಕಚ್ಚಿಕೊಳ್ಳದಂತೆ ತಾನಾಗಿಯೇ ಬಿಟ್ಟು ಹಿಡಿದು ಮಾಡುವ ಎ.ಬಿ.ಎಸ್. ಎಂಬ ಏರ್ಪಾಡನ್ನು 125 ಸಿ.ಸಿ.ಗೆ ಮೀರಿದ ಎಂಜಿನಿನ ಗಾಡಿಗಳಿಗೆ 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಕಡ್ಡಾಯ ಮಾಡಿದರು. ಇದು ಬಹಳ ಒಳ್ಳೆಯ ಸಾಧನ. ಆದರೆ ಇಲ್ಲದ ಹಿಡಿತವನ್ನು ಸೃಷ್ಟಿಸುವ ಸಾಮರ್ಥ್ಯ ಅದಕ್ಕೂ ಇಲ್ಲ. ನೀರು ನಿಂತ ಹಳ್ಳವನ್ನು ದಾಟಿದ ಮೇಲೆ, ಡ್ರಮ್ಮಿನ ಬ್ರೇಕುಳ್ಳ ಗಾಡಿಗಳಲ್ಲಿ ಒಳಹೊಕ್ಕ ನೀರಿನಿಂದ ಬ್ರೇಕು ಹಿಡಿಯದೆ ಹೋಗಬಹುದು. ಸ್ವಲ್ಪ ದೂರ ಮೆಲ್ಲಗೆ ಹೋಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಂಡು ಮುಂದುವರಿಯಬೇಕು.

ಎರಡನೆಯದು ಟೈರು. ಟೈರಿನ ಮೇಲಣ ಗೆರೆಗಳು ಅಲಂಕಾರಕ್ಕಾಗಿ ಕೊರೆದವೆಂದು ತಿಳಿದವರು ಉಂಟು. ಚಕ್ರ ನೀರನ್ನು ತುಳಿದಾಗ ಆ ನೀರು ಹರಿದುಹೋಗಲು ಅವೇ ಕಾಲುವೆಗಳು. ಕಾಲುವೆ ಹೂತುಹೋದರೆ ಗದ್ದೆಯಲ್ಲಿ ನೀರು ನಿಲ್ಲುವಂತೆ, ಗೆರೆ ಸವೆದುಹೋದರೆ ಟೈರಿನ ಅಡಿಯಲ್ಲಿ ನೀರು ನಿಂತು ರಬ್ಬರು ನೆಲವನ್ನು ಮುಟ್ಟದಂತಾಗುತ್ತದೆ. ‘ಇನ್ನೊಂದು ವರ್ಷ ಬಂದೀತು’ ಎಂದು ಬೋಳು ಟೈರನ್ನು ಉಳಿಸಿಕೊಂಡು ಮಾಡುವ ಉಳಿತಾಯ ಆಸ್ಪತ್ರೆಯ ಮೊದಲ ದಿನದ ಖರ್ಚಿಗೂ ಸಾಲದು.

ಮೂರನೆಯದು ರಸ್ತೆಯನ್ನು ಓದುವ ವಿದ್ಯೆ. ನೆನೆದ ರಸ್ತೆ ಎಲ್ಲ ಕಡೆಯೂ ಒಂದೇ ಸಮನಾಗಿ ಜಾರುವುದಿಲ್ಲ. ಬಿಳಿಯ ಬಣ್ಣ ಬಳಿದ ಪಟ್ಟೆಗಳು, ಸೇತುವೆಯ ಕೂಡುಗಳಲ್ಲಿರುವ ಕಬ್ಬಿಣದ ಪಟ್ಟಿಗಳು, ಪಟ್ಟಣಗಳಲ್ಲಿ ಚರಂಡಿಯ ಮೇಲೆ ಮುಚ್ಚಿದ ಉಕ್ಕಿನ ಮುಚ್ಚಳಗಳು, ಪೆಟ್ರೋಲು ಬಂಕಿನ ಮುಂದಣ ನೆಲ, ಮರದ ಕೆಳಗಿನ ಕೊಳೆತ ಎಲೆ, ಇವು ವಿಶೇಷವಾಗಿ ಜಾರುವ ಸ್ಥಳಗಳು. ಇವುಗಳ ಮೇಲೆ ಗಾಡಿಯನ್ನು ವಾಲಿಸಲೂ ಬಾರದು, ಬ್ರೇಕು ಹಾಕಲೂ ಬಾರದು, ನೆಟ್ಟಗೆ ದಾಟಿಹೋಗಬೇಕು. ಹಿರಿಯೂರು ಸೀಮೆಯಲ್ಲಿ ಇವುಗಳ ಜೊತೆಗೆ ಎರೆಮಣ್ಣೂ ಸೇರುವುದು. ನೆನೆದ ಎರೆಯ ಹೊಲದಿಂದ ಹೊರಟ ಟ್ರ್ಯಾಕ್ಟರು ತನ್ನ ದೊಡ್ಡ ಚಕ್ರಗಳಲ್ಲಿ ಮೆತ್ತಿಕೊಂಡ ಕರಿಯ ಮಣ್ಣನ್ನು ಟಾರು ರಸ್ತೆಯ ಮೇಲೆ ಒಂದು ಫರ್ಲಾಂಗು ದೂರ ಉದುರಿಸುತ್ತ ಹೋಗುತ್ತದೆ. ಕರಿಯ ರಸ್ತೆಯ ಮೇಲೆ ಕರಿಯ ಮಣ್ಣು ಕಣ್ಣಿಗೆ ಕಾಣದು. ಚಕ್ರಕ್ಕೆ ಮಾತ್ರ ಬೆಣ್ಣೆಯಂತೆ ಸಿಕ್ಕುವುದು. ಹಳ್ಳಿಯ ದಾರಿಗಳು ದೊಡ್ಡ ರಸ್ತೆಯನ್ನು ಸೇರುವ ಕಡೆಗಳಲ್ಲೆಲ್ಲ ಇದು ಇದ್ದೇ ಇರುವುದೆಂದು ಭಾವಿಸಿ ಮೊದಲೇ ವೇಗವನ್ನು ತಗ್ಗಿಸಬೇಕು. ತಿರುವುಗಳಲ್ಲಿಯೂ ಹಾಗೆಯೇ. ವೇಗವನ್ನು ಇಳಿಸುವ ಕೆಲಸ ತಿರುವಿಗೆ ಮೊದಲು ಮುಗಿದಿರಬೇಕು. ತಿರುವಿನೊಳಗೆ ಹೊಕ್ಕು ವಾಲಿದ ಮೇಲೆ ಬ್ರೇಕನ್ನು ನೆನೆಯುವುದು ಕಾಲ ಮಿಂಚಿದ ಬುದ್ಧಿ. ನಿಂತ ನೀರು ಎಷ್ಟು ಆಳವೆಂಬುದನ್ನು ಮೇಲಿನಿಂದ ನೋಡಿ ಯಾರೂ ಹೇಳಲಾರರು. ಅದನ್ನು ಸುತ್ತಿ ಹೋಗುವುದೇ ಲೇಸು.

ನಾಲ್ಕನೆಯದು ಕಾಣುವುದು ಮತ್ತು ಕಾಣಿಸಿಕೊಳ್ಳುವುದು. ಮಳೆಯಲ್ಲಿ ಲಾರಿಯ ಹಿಂದೆ ಹೋಗುವವನಿಗೆ ಅದರ ಚಕ್ರಗಳು ಎಬ್ಬಿಸುವ ಕೆಸರು ನೀರಿನ ಮಂಜಿನಲ್ಲಿ ಮುಂದಿನದೇನೂ ತೋರದು. ಅಂಥ ಲಾರಿಯ ಚಾಲಕನಿಗೆ ತನ್ನ ಕನ್ನಡಿಯಲ್ಲಿ ಸವಾರನೂ ತೋರನು. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಕ್ಷಣದಿಂದ ಮನಸ್ಸಿನಲ್ಲಿ ಎಣಿಸತೊಡಗಿ, ನಾಲ್ಕು ಸೆಕೆಂಡುಗಳಾದ ಮೇಲೆ ನಾವು ಆ ಕಂಬವನ್ನು ಮುಟ್ಟುವಷ್ಟು ಹಿಂದಿದ್ದರೆ ಅದು ತಕ್ಕ ಅಂತರ. ಉದ್ದನೆಯ ಲಾರಿಯ ಮಗ್ಗುಲಲ್ಲಿ ಹೋಗುವಾಗ ಅದು ಗಾಳಿಗೆ ಮರೆಯಾಗಿದ್ದು, ದಾಟಿದೊಡನೆ ಗಾಳಿ ಒಮ್ಮೆಗೇ ಬಡಿಯುವುದರಿಂದ, ಬಯಲಿನಲ್ಲಿ ಮಳೆಗಾಳಿ ಬೀಸುವಾಗ ಲಾರಿಯನ್ನು ಹಿಂದೆ ಹಾಕುವ ಆಸೆಯನ್ನೇ ಬಿಡುವುದು ಉತ್ತಮ. ಗಾಡಿ ಓಡುತ್ತಿರುವಾಗಲೆಲ್ಲ ಮುಂದಿನ ದೀಪ ತಾನಾಗಿ ಉರಿಯುವಂತೆ 2017ರಿಂದ ಹೊಸ ಗಾಡಿಗಳಲ್ಲಿ ಏರ್ಪಾಡಾಗಿದೆ. ಹಳೆಯ ಗಾಡಿಯವರು ಹಗಲಾದರೂ ಸರಿ, ಮಳೆಯಲ್ಲಿ ದೀಪವನ್ನು ತಾವೇ ಹಾಕಿಕೊಳ್ಳಬೇಕು. ಮಳೆಯ ಅಂಗಿ ಕಪ್ಪಾಗಿರುವುದಕ್ಕಿಂತ ಹಳದಿಯೋ ಕಿತ್ತಳೆಯ ಬಣ್ಣದ್ದೋ ಆಗಿರುವುದು ಮೇಲು. ಇದು ಶೋಕಿಯ ಮಾತಲ್ಲ. ಹಿಂದಿನಿಂದ ಬರುವವನಿಗೆ ನಾವು ಬರೆದು ಕೊಡುವ ಅರ್ಜಿ.

ಇಲ್ಲಿಯೇ ಒಂದು ಕಟುವಾದ ಮಾತನ್ನು ಆಡಬೇಕಾಗಿದೆ. ಹೆದ್ದಾರಿಯ ಮಗ್ಗುಲಿನ ಊರುಗಳಲ್ಲಿ, ರಸ್ತೆಯ ನಡುವೆ ಕಟ್ಟಿದ ಗೋಡೆಯ ದೆಸೆಯಿಂದ ಆಚೆಯ ಬದಿಗೆ ಹೋಗಲು ದೂರ ಸುತ್ತಬೇಕಾಗುವುದು. ಆ ಸುತ್ತನ್ನು ತಪ್ಪಿಸಿಕೊಳ್ಳಲು ಜನರು ಎದುರು ದಿಕ್ಕಿನಲ್ಲಿ ಗಾಡಿ ಬಿಡುತ್ತಾರೆ. ಒಣ ಹಗಲಿನಲ್ಲಿ ಇದು ತಪ್ಪು. ಮಳೆಯ ಸಂಜೆಯಲ್ಲಿ ಇದು ಆತ್ಮಹತ್ಯೆ. ಎದುರಿನಿಂದ 80ರ ವೇಗದಲ್ಲಿ ಬರುವವನಿಗೆ ನೆನೆದ ರಸ್ತೆಯಲ್ಲಿ 85 ಮೀಟರು ಬೇಕೆಂದು ಈಗತಾನೆ ಲೆಕ್ಕ ಮಾಡಿದೆವು. ಅಷ್ಟು ದೂರದ ತನಕ ಆ ಮಬ್ಬಿನಲ್ಲಿ ಅವನ ಕಣ್ಣೇ ಹೋಗಲಾರದು. ಹಾಗೆಂದು ತಪ್ಪೆಲ್ಲವನ್ನೂ ಹಳ್ಳಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಊರಿನ ಜನ ಹೊಲಕ್ಕೂ ಶಾಲೆಗೂ ದಿನವೂ ದಾಟಬೇಕಾದ ಜಾಗ ಯಾವುದೆಂದು ಅವರನ್ನೇ ಕೇಳಿ, ಅಲ್ಲಿ ಕೆಳಸೇತುವೆಯನ್ನೋ ಪಕ್ಕದ ರಸ್ತೆಯನ್ನೋ ಒದಗಿಸಿ, ಅದರಲ್ಲಿ ಮಳೆಯ ನೀರು ನಿಲ್ಲದಂತೆ ನೋಡಿಕೊಂಡರೆ, ಉಪದೇಶಕ್ಕಿಂತ ಹೆಚ್ಚಿನ ಕೆಲಸವಾಗುವುದು. ನೀರು ತುಂಬಿದ ಕೆಳಸೇತುವೆ ಇದ್ದೂ ಇಲ್ಲದಂತೆ. ಜನ ಮತ್ತೆ ಹೆದ್ದಾರಿಗೇ ಏರುತ್ತಾರೆ.

ಐದನೆಯದು ಉಡುಪು ಮತ್ತು ಹಿಂದೆ ಕುಳಿತವರು. ನಮ್ಮ ನಾಡಿನಲ್ಲಿ ಮಳೆ ಹನಿದೊಡನೆ ಹಿಂದೆ ಕುಳಿತ ಹೆಂಗಸರು ಗಂಡನೋ ಮಗನೋ ನೆನೆಯಬಾರದೆಂಬ ಮಮತೆಯಿಂದ ಕೊಡೆಯನ್ನು ಬಿಚ್ಚುವುದುಂಟು. ಓಡುವ ಗಾಡಿಯ ಮೇಲೆ ಕೊಡೆ ಹಾಯಿಯಾಗುತ್ತದೆ. ಗಾಳಿ ಅದನ್ನು ಹಿಡಿದು ಎಳೆದಾಗ ಒಂದು ಕೈಯಲ್ಲಿ ಕೊಡೆಯನ್ನು, ಒಂದು ಕೈಯಲ್ಲಿ ಮಗುವನ್ನು ಹಿಡಿದು ಒಂದೇ ಮಗ್ಗುಲಿಗೆ ಕುಳಿತ ಆ ತಾಯಿ ಹಿಂದಕ್ಕೆ ಬಿದ್ದು ತಲೆಯೊಡೆದುಕೊಂಡ ಪ್ರಸಂಗಗಳು ಒಂದೆರಡಲ್ಲ. ಗಾಡಿಯ ಮೇಲೆ ಕೊಡೆಯನ್ನು ಎಂದೆಂದಿಗೂ ಬಿಚ್ಚಕೂಡದೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ಕಟ್ಟಳೆಯಾಗಿ ಇಟ್ಟುಕೊಳ್ಳಬೇಕು. ನೆನೆದು ಬಂದವರಿಗೆ ಒಣ ಬಟ್ಟೆಯೂ ಬಿಸಿ ಕಾಫಿಯೂ ಸಾಕು. ಬಿದ್ದವರಿಗೆ ಅಷ್ಟರಿಂದ ಮುಗಿಯುವುದಿಲ್ಲ. ಸೀರೆಯ ಸೆರಗು, ದುಪಟ್ಟಿ, ಮಳೆಯ ಅಂಗಿಯ ಅಂಚು ಇವುಗಳನ್ನು ಚಕ್ರಕ್ಕೂ ಸರಪಳಿಗೂ ಸಿಕ್ಕದಂತೆ ಒಳಗೆ ಸೇರಿಸಿಕೊಳ್ಳಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡಾಗ ಅದಕ್ಕೆ ಸವಾರನೊಡನೆ ಬಿಗಿಯುವ ಪಟ್ಟಿಯೂ ಶಿರಸ್ತ್ರಾಣವೂ ಇರಬೇಕು, ವೇಗ 40 ಕಿಲೋಮೀಟರನ್ನು ಮೀರಕೂಡದು ಎಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಮಳೆಗೆ ನಾವು ಹೇಳಿದ ವೇಗವೂ ಅದೇ ಎಂಬುದನ್ನು ಶ್ರೋತೃಗಳು ಗಮನಿಸಿರಬಹುದು.

ಶಿರಸ್ತ್ರಾಣವನ್ನು ಕುರಿತು ಒಂದು ಚರಿತ್ರೆಯುಂಟು. ಅರಬ್ಬರ ದಂಗೆಯಲ್ಲಿ ಪಾಲುಗೊಂಡು ಜಗತ್ಪ್ರಸಿದ್ಧನಾದ ಟಿ.ಇ. ಲಾರೆನ್ಸ್ ಎಂಬ ಆಂಗ್ಲೇಯನು 1935ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಹಳ್ಳಿಯ ದಾರಿಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ, ಎದುರಿಗೆ ಸಿಕ್ಕಿದ ಇಬ್ಬರು ಸೈಕಲ್ ಸವಾರ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನಗಳಲ್ಲಿ ತೀರಿಕೊಂಡನು. ಅವನ ಶುಶ್ರೂಷೆಗೆ ಬಂದಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನು. ಇಂಥ ಸಾವುಗಳು ತಪ್ಪಿಸಬಹುದಾದವಲ್ಲವೆ ಎಂಬ ಪ್ರಶ್ನೆಯನ್ನು ಬಿಡದೆ ಹಿಡಿದು, ಸೈನ್ಯದ ಸವಾರರ ತಲೆಯ ಗಾಯಗಳನ್ನು ಪರಿಶೀಲಿಸಿ, 1941ರಲ್ಲಿ ಅವನು ತನ್ನ ಲೇಖನವನ್ನು ಪ್ರಕಟಿಸಿದನು. ಅವನಿಂದ ಮೊದಲಾದ ಈ ವಿಚಾರ ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಅನ್ವಯಿಸುವ ಕಾನೂನಾದುದು 1973ರಲ್ಲಿ. ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 129ನೆಯ ವಿಧಿ ಶಿರಸ್ತ್ರಾಣವನ್ನು ವಿಧಿಸಿದೆ. ಆದರೂ 2022ರಲ್ಲಿ ಅದನ್ನು ಧರಿಸದೆ ಮಡಿದ ಸವಾರರೂ ಹಿಂದೆ ಕುಳಿತವರೂ ಒಟ್ಟು 50,029 ಮಂದಿ. ಮಳೆಯಲ್ಲಿ ಕನ್ನಡಕದಂತಿರುವ ಅದರ ಮುಸುಕು ಮಬ್ಬಾಗುವುದೆಂದು ಕೆಲವರು ಅದನ್ನು ತೆಗೆದು ಕೈಗೆ ತಗುಲಿಸಿಕೊಳ್ಳುತ್ತಾರೆ. ಮುಸುಕನ್ನು ಒಂದು ಬೆರಳಿನಷ್ಟು ತೆರೆದಿಟ್ಟರೆ ಉಸಿರಿನ ಮಬ್ಬು ಕಳೆಯುವುದು. ಗೀರು ಬಿದ್ದ ಮುಸುಕನ್ನು ಬದಲಾಯಿಸಿದರೆ ಇರುಳಿನ ದೀಪಗಳು ಒಡೆದು ಹರಡುವುದು ಕಡಮೆಯಾಗುವುದು. ಮೊಣಕೈಯನ್ನು ಕಾಪಾಡುವುದಕ್ಕೆ ಯಾರೂ ಶಿರಸ್ತ್ರಾಣವನ್ನು ಕಂಡುಹಿಡಿಯಲಿಲ್ಲ.

ಇನ್ನು ಎಂದು ಹೋಗಲೇಬಾರದು ಎಂಬುದನ್ನು ಹೇಳಬೇಕು. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ಬಯಲಿನ ನಡುವೆ ಮೋಟಾರ್ ಸೈಕಲ್ಲಿನ ಮೇಲೆ ಇರುವವನಿಗೆ ಸಿಡಿಲಿನಿಂದ ಯಾವ ರಕ್ಷಣೆಯೂ ಇಲ್ಲ. ಒಂಟಿ ಮರದ ಕೆಳಗೆ ನಿಲ್ಲುವುದು ಇನ್ನೂ ಕೇಡು. ಗಟ್ಟಿಯಾದ ಕಟ್ಟಡವನ್ನು ಹುಡುಕಿ ಒಳಗೆ ಸೇರಬೇಕು. ಮೇಲುಸೇತುವೆಯ ಕೆಳಗೆ ರಸ್ತೆಯ ಮೇಲೆಯೇ ಗುಂಪಾಗಿ ನಿಲ್ಲುವ ಪದ್ಧತಿಯೂ ಒಳ್ಳೆಯದಲ್ಲ. ಬೆಳಕಿನಿಂದ ಕತ್ತಲೆಗೆ ನುಗ್ಗಿ ಬರುವ ಲಾರಿಗೆ ಆ ಗುಂಪು ಕಾಣಿಸಬೇಕಲ್ಲ! ಹಸ್ತಾ, ಚಿತ್ತಾ ಮಳೆಗಳ ಕಾಲದಲ್ಲಿ ಆ ಸೀಮೆಯ ಹಳ್ಳಗಳು ಒಂದು ಗಂಟೆಯೊಳಗೆ ಮರಳಿನ ಹಾದಿಯಿಂದ ಕೆಂಪು ಹೊಳೆಯಾಗಿ ಮಾರ್ಪಡುತ್ತವೆ. ನೆಲಸೇತುವೆಯ ಮೇಲೆ ಹರಿಯುವ ನೀರು ಮೊಣಕಾಲಿನಷ್ಟೇ ಇದ್ದರೂ ಗಾಡಿಯನ್ನೂ ಸವಾರನನ್ನೂ ಪಕ್ಕಕ್ಕೆ ತಳ್ಳಿಕೊಂಡು ಹೋಗಬಲ್ಲದು. ಅಡಿಯಲ್ಲಿ ಸೇತುವೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಯಾರು ಬಲ್ಲರು? ‘ನಿನ್ನೆ ದಾಟಿದ್ದೆನಲ್ಲ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ನಿನ್ನೆಯ ನೀರು ಸಮುದ್ರದ ದಾರಿ ಹಿಡಿದಿದೆ. ಇಂದಿನ ನೀರು ಬೇರೆ. ಯಾರಾದರೂ ಬಿದ್ದುದನ್ನು ಕಂಡರೆ, ಮೊದಲು ಹಿಂದಿನಿಂದ ಬರುವ ವಾಹನಗಳಿಗೆ ಸೂಚನೆ ಕೊಟ್ಟು, 108ಕ್ಕೆ ಕರೆ ಮಾಡಿ, ಬಿದ್ದವನ ಕುತ್ತಿಗೆಯನ್ನು ಅಲುಗಿಸದೆ ಕಾದಿರಬೇಕು. ಹೀಗೆ ನೆರವಾದವರನ್ನು ತೊಂದರೆಪಡಿಸಕೂಡದೆಂದು 2019ರ ತಿದ್ದುಪಡಿಯಲ್ಲಿ ಕಾನೂನೇ ಅಭಯ ಕೊಟ್ಟಿದೆ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ಶ್ರೋತೃ ಹೀಗೆ ಆಕ್ಷೇಪಿಸಬಹುದು: ‘ನೀವು ಹೇಳಿದುದು ಸರಿ, ಆದರೆ ಅರ್ಧ ಗಂಟೆ ಕಾದು, ಆಮೇಲೆ 40ರ ವೇಗದಲ್ಲಿ ಹೋಗಿ, ಕೆಲಸಕ್ಕೆ ತಡವಾದರೆ ಯಾರು ಉತ್ತರ ಹೇಳುವವರು?’ ಈ ಆಕ್ಷೇಪಣೆಯನ್ನು ನಾವು ಹಗುರವೆಂದು ತಿಳಿಯುವುದಿಲ್ಲ. ಮೊದಲು ಸವಾರನಿಗೆ ಉತ್ತರ. ಹತ್ತು ಕಿಲೋಮೀಟರು ದಾರಿಯನ್ನು 60ರ ವೇಗದಲ್ಲಿ ಹೋದರೆ ಹತ್ತು ನಿಮಿಷ, 40ರ ವೇಗದಲ್ಲಿ ಹೋದರೆ ಹದಿನೈದು ನಿಮಿಷ. ಅವಸರದಿಂದ ಗಳಿಸಿದ್ದು ಐದೇ ನಿಮಿಷ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಒಂದು ಸಂಸಾರವನ್ನು ಕಟ್ಟಲು ಇಪ್ಪತ್ತು ವರುಷ, ಒಡೆಯಲು ಈ ಐದು ನಿಮಿಷ.

ಆದರೆ ನಮ್ಮ ಉತ್ತರದ ಬಹುಭಾಗ ಸವಾರನಿಗೆ ಸಂಬಂಧಿಸಿದುದಲ್ಲ. ಅವನಿಗಾಗಿ ಕಾದಿರುವವರಿಗೆ ಸಂಬಂಧಿಸಿದುದು. ಆದಿವಾಲದಂಥ ಊರಿನಿಂದ ಪಟ್ಟಣದ ಕಾಲೇಜಿಗೆ ಬರುವ ಹುಡುಗನ ವೇಗವನ್ನು ಅವನ ಕೈಗಿಂತ ಹೆಚ್ಚಾಗಿ ನಿರ್ಣಯಿಸುವುದು ಮೊದಲ ಪೀರಿಯಡ್ಡಿನ ಹಾಜರಿ ಪುಸ್ತಕ. ಹಾಲು ತರುವವನ ವೇಗವನ್ನು ನಿರ್ಣಯಿಸುವುದು ಡೈರಿಯ ಗಡಿಯಾರ. ಬೆಂಗಳೂರು, ಮೈಸೂರುಗಳಲ್ಲಿ ಮನೆಬಾಗಿಲಿಗೆ ಊಟವನ್ನು ತರುವ ತರುಣನ ವೇಗವನ್ನು ನಿರ್ಣಯಿಸುವುದು ಒಳಗೆ ಬೆಚ್ಚಗೆ ಕುಳಿತು ನಿಮಿಷಗಳನ್ನು ಎಣಿಸುವ ನಮ್ಮ ಹಸಿವು. ಮಳೆ ಬರುವಾಗಲೇ ಹೊರಗೆ ಹೋಗಲು ಬೇಸರವಾಗಿ ಇನ್ನೊಬ್ಬನನ್ನು ಕಳುಹಿಸುವವರು ನಾವು. ಅವನು ತಡವಾಗಿ ಬಂದರೆ ಗೊಣಗುವವರೂ ನಾವೇ. ಇಂಜಿನಿಯರು ರಸ್ತೆಯನ್ನು ಸರಿಮಾಡಲಿ, ಸರ್ಕಾರ ಕಾನೂನು ಮಾಡಲಿ, ಸವಾರನು ನಿಯಮಗಳನ್ನು ಕಲಿಯಲಿ, ಇವೆಲ್ಲವೂ ಬೇಕಾದುವೇ. ಆದರೆ ಇವರಾರಿಗೂ ಕಾಯದೆ ಈ ರಾತ್ರಿಯಿಂದಲೇ ನಾವು ಕೊಡಬಹುದಾದ ವಸ್ತು ಒಂದಿದೆ. ಅದೇ ಸ್ವಲ್ಪ ಹೊತ್ತು.

ಆದುದರಿಂದ ಅಧ್ಯಾಪಕರಾದವರು ಮಳೆಯ ದಿನದ ಮೊದಲ ಪಾಠದಲ್ಲಿ ತಡವಾಗಿ ನೆನೆದು ಬಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆಯಲಿ. ಕಚೇರಿಯ ಮೇಲಧಿಕಾರಿಗಳು ಮಳೆಯ ಅರ್ಧ ಗಂಟೆಯನ್ನು ರಜೆಯ ಲೆಕ್ಕಕ್ಕೆ ಸೇರಿಸದಿರಲಿ. ಮನೆಯವರು ಮಳೆ ಬರುತ್ತಿರುವಾಗ ‘ಎಲ್ಲಿದ್ದೀಯ? ಬೇಗ ಬಾ’ ಎಂದು ಫೋನು ಮಾಡುವುದನ್ನು ಬಿಟ್ಟು, ‘ಎಲ್ಲಾದರೂ ನಿಂತಿದ್ದು ನಿಧಾನವಾಗಿ ಬಾ’ ಎಂದು ಮೊದಲೇ ಹೇಳಿ ಕಳುಹಿಸಲಿ. ವರ್ಷವೆಲ್ಲ ಆಕಾಶದ ಕಡೆಗೆ ನೋಡುತ್ತ ಮಳೆಗಾಗಿ ಕಾಯುವ ಜನ ನಾವು. ಆ ಮಳೆ ಬಂದ ದಿನ, ಅದರಲ್ಲಿ ನೆನೆಯುತ್ತ ಬರುತ್ತಿರುವವರಿಗಾಗಿ ಇನ್ನು ಕಾಲು ಗಂಟೆ ಕಾಯುವುದು ನಮಗೆ ಕಷ್ಟವಾಗಲಾರದು.